ಎಲೆಯ ಮೇಲಿನ ಗೀರು

ಅಕ್ಕಾ,

ಊಟ ಬಿಡುತ್ತಿದ್ದೇನೆಂದು ಹಾಸ್ಟೆಲ್ ವಾರ್ಡನ್ ನನ್ನನ್ನು ಕಾಲೇಜಿನ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಅಷ್ಟು ಮೆತ್ತಗೆ ಮಾತಾಡುವವರನ್ನು ನಾನು ನಂಬುವವಳಲ್ಲ. ಹೇಳಿದ್ದೆಲ್ಲ ಪ್ರಿನ್ಸಿಪಾಲರ ಕಿವಿಗೆ ಬೀಳುತ್ತದೆಂದು ತುಟಿ ಬಿಚ್ಚಲಿಲ್ಲ. ಮೇಜಿನ ಮೇಲಿನ ಗಿಡವೂ ಪ್ಲಾಸ್ಟಿಕ್ಕಿನದೇ ಇರಬೇಕೆಂದು, ಅವರು ಕಿಟಕಿ ತೆರೆಯಲು ತಿರುಗಿದಾಗ ಒಂದು ಎಲೆಯನ್ನು ಉಗುರಿನಿಂದ ಗೀರಿದೆ. ಹಸಿ ರಸ ಬಂತು!

"ನಿಜವಾದ ಗಿಡಾನೇ ಕಣಮ್ಮ," ಎಂದರು, ಇತ್ತ ತಿರುಗದೆಯೇ. "ಆ ಕುರ್ಚೀಲಿ ಕೂತೋರೆಲ್ಲ ಗೀರಿ ನೋಡ್ತಾರೆ."

ಬಗ್ಗಿ ನೋಡಿದೆ. ನನ್ನ ಕಡೆಯ ಎಲೆಗಳ ತುಂಬ ಯಾರ್‍ಯಾರದೋ ಉಗುರಿನ ಒಣಗಿದ ಗುರುತುಗಳು.

ಈಗ ರಾತ್ರಿಯೂಟ ತಪ್ಪಿಸುತ್ತಿಲ್ಲ. ಮಂಗಳವಾರ ಮತ್ತೆ ಹೋಗುತ್ತೇನೆ. ಬಾಯಿ ಬಿಡುತ್ತೇನೆಂದು ಮಾತು ಕೊಡಲಾರೆ. ಕಾಗದದಲ್ಲಿ ಜಾಗ ಮುಗಿಯಿತು. ಊಟ ಬಿಟ್ಟದ್ದನ್ನು ನಿನಗೊಬ್ಬಳಿಗೇ ಹೇಳಿದ್ದೆ. ವಾರ್ಡನ್‌ಗೆ ಫೋನು ಮಾಡಿದ್ದು ಯಾರೆಂದು ತಿಳಿಯದಷ್ಟು ಪೆದ್ದಿಯಲ್ಲ ನಾನು.

ನಿನ್ನ ಮೊಂಡಿ