ಚಿಕ್ಕಪ್ಪನ ಎಡಗೈ

ದಕ್ಷಿಣ ಜಾರ್ಜಿಯಾ ದ್ವೀಪ
ಫೆಬ್ರವರಿ ೧೯೨೬

ಚಿಕ್ಕಮ್ಮನಿಗೆ ಐಲರ್ಟ್‌ನ ನಮಸ್ಕಾರ. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಎಲ್ಲರೂ ಬದುಕಿದ್ದೇವೆ. ಅದು ನಮ್ಮ ಕಪ್ತಾನ ಚಿಕ್ಕಪ್ಪನ ದಯೆಯಿಂದಲ್ಲ. ಭೂಮಿಯ ಮೇಲಿನ ಅರ್ಧದಲ್ಲಿರುವ ನಮ್ಮ ಊರು ಬರ್ಗನ್‌ನಲ್ಲಿ ಅವರು ಗಾಳಿಗೆ ಬೆನ್ನು ಕೊಟ್ಟು ಎಡಗೈ ಚಾಚಿದರೆ ಬಿರುಗಾಳಿಯ ನಡು ಆ ಕಡೆಗೇ ಇರುತ್ತದೆ. ಇಲ್ಲಿ, ಭೂಮಿಯ ಕೆಳಗಿನ ಅರ್ಧದಲ್ಲಿ, ಭೂಮಿಯ ತಿರುಗುವಿಕೆ ಗಾಳಿಯನ್ನು ಬಲಕ್ಕಲ್ಲ, ಎಡಕ್ಕೆ ವಾಲಿಸುತ್ತದೆ. ಹಾಗಾಗಿ ಬಿರುಗಾಳಿ ಇರುವುದು ಬಲಗೈ ಕಡೆ. ಇದು ಅವರ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಮಂಗಳವಾರ ಎಡಗೈ ಚಾಚಿ, ಹಡಗನ್ನು ಬಲಕ್ಕೆ ತಿರುಗಿಸಿ ಎಂದರು. ನೇರ ಬಿರುಗಾಳಿಯ ಬಾಯಿಗೇ ಹೋದೆವು. ಚಿಕ್ಕ ದೋಣಿ ಕೊಚ್ಚಿಹೋಯಿತು, ಅಡುಗೆಯವನ ಕಾಲು ಮುರಿಯಿತು.

ದಡ ಸೇರಿದ ಮೇಲೆ ಚಿಕ್ಕಪ್ಪ ಕೋಟನ್ನು ನನ್ನ ಮುಂದೆ ಎಸೆದು, "ಎಡತೋಳನ್ನ ಜೇಬಿಗೆ ಸೇರಿಸಿ ಹೊಲಿದುಬಿಡೋ. ಈ ಕೈ ನನ್ನ ಮಾತು ಕೇಳಲ್ಲ" ಎಂದರು. ನೀನು ಕೊಟ್ಟ ಕಪ್ಪು ದಾರದಲ್ಲೇ ಹೊಲಿದೆ. ಈಗ ಅವರಿಗೆ ಚಾಚಲು ಬಲಗೈ ಒಂದೇ. ಊಟಕ್ಕೂ ಕೋಟು ತೆಗೆಯದೆ, ಒಂದೇ ಕೈಯಲ್ಲಿ ಮೀನು ತಿನ್ನುತ್ತಾ ಎಲ್ಲರನ್ನೂ ಬೈಯುತ್ತಾರೆ.

ನನ್ನ ಕೆಮ್ಮು ವಾಸಿಯಾಗಿದೆ. ಅಂಚೆ ಹಡಗು ಕೂಗುತ್ತಿದೆ. ಮರಳುವಾಗ ಭೂಮಧ್ಯರೇಖೆ ದಾಟಿದ ದಿನವೇ ಹೊಲಿಗೆ ಬಿಚ್ಚುತ್ತೇನೆ. ಮರೆತರೆ ನಿನ್ನ ಅಡುಗೆಮನೆ ಕಿಟಕಿಗೆ ಕಾಣುವ ಹಾಗೆ ಮುಳುಗುತ್ತೇವೆ.

ಐಲರ್ಟ್