ಈ ವರ್ಷ ಹಳದಿ ಹೂ ಬಿಟ್ಟಿಲ್ಲ

ಏಪ್ರಿಲ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲು ಕೂತರೆ ಎರಡು ಸಾಲಿಗೇ ಕೈ ನಿಂತುಬಿಡುತ್ತಿತ್ತು. ಕೋಪ ಮಾಡಿಕೊಳ್ಳಬೇಡ. ನಿನಗೆ ಗೊತ್ತಲ್ಲ, ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ಬಾಯಿಯೂ ಅಷ್ಟಕ್ಕಷ್ಟೇ. ಭಾವನ ಕೆಮ್ಮು ಕಡಿಮೆಯಾಯಿತೇ?

ನಾನು ಚೆನ್ನಾಗಿದ್ದೇನೆ. ನರ್ಸರಿಯಲ್ಲಿ ಈಗ ಸಸಿ ಚೀಲಗಳಿಗೆ ಮಣ್ಣು ತುಂಬುವ ಕೆಲಸ. ಸಂಜೆ ಜೊತೆಯವರೆಲ್ಲ ಕೆಳಗೆ ಇಳಿದು ಹೋದ ಮೇಲೆ ಗುಡ್ಡದಲ್ಲಿ ನಾನೊಬ್ಬಳೇ. ರೂಮಿನಲ್ಲಿ ನಾಲ್ಕು ತಟ್ಟೆಗಳಿವೆ, ತೊಳೆಯುವುದು ಒಂದೇ.

ಹಳದಿ ಹೂ ಬಿಟ್ಟ ಕೂಡಲೇ ತಿಳಿಸು, ಬರುತ್ತೇವೆ, ಪುಟ್ಟಿ ಹಟ ಹಿಡಿದಿದ್ದಾಳೆ ಎಂದು ನೀನು ಬರೆದಿದ್ದೀಯ. ಹೇಗೆ ಹೇಳಲಿ ಅಕ್ಕ, ಈ ವರ್ಷ ಹೂವಿಲ್ಲ. ರೂಮಿನ ಹಿಂದೆ, ಮರ ಪೊದೆಗಳ ನಡುವೆ, ಹೋದ ವರ್ಷ ಪುಟ್ಟಿಯ ಸೊಂಟದವರೆಗೆ ನಿಂತಿದ್ದವಲ್ಲ, ಅಲ್ಲಿ ಒಂದೂ ಇಲ್ಲ. ತಪ್ಪು ನನ್ನದೇ. ನೀವು ಹೋದ ಮೇಲೆ ಗಿಡಗಳು ಒಣಗಿದವು. ಮುಂದಿನ ಸಲ ಪುಟ್ಟಿಯ ಕಾಲಿಗೆ ಕಡ್ಡಿ ಚುಚ್ಚಬಾರದೆಂದು ಎಲ್ಲವನ್ನೂ ಬುಡಸಮೇತ ಕಿತ್ತು ಒಲೆಗೆ ಹಾಕಿದೆ.

ನರ್ಸರಿಯ ಮೇಸ್ತ್ರಿಗೆ ಹೇಳಿದರೆ ನಕ್ಕರು. "ದಿನಾ ಸಾವಿರ ಸಸಿ ಸಾಕ್ತೀಯ, ಇಷ್ಟು ಗೊತ್ತಾಗ್ಲಿಲ್ವಾ? ಅದು ಒಂದೇ ವರ್ಷದ ಗಿಡ ಕಣಮ್ಮ. ಒಣಗಿದ ಮೇಲೇ ಕಾಯಿ ಒಡೆದು ಬೀಜ ಬೀಳೋದು. ಮುಂದಿನ ವರ್ಷಾನೇ ಒಲೆಗೆ ಹಾಕಿದ್ದೀಯ ನೀನು."

ಆಮೇಲೆ ನನ್ನ ಮುಖ ನೋಡಿದರು. ಮರುದಿನ ತಾವೇ ಮೇಲಿನ ಕಾಡಂಚಿಗೆ ಕರೆದುಕೊಂಡು ಹೋಗಿ ಬಂಡೆಯ ಮರೆಯಲ್ಲಿ ಐದು ಗಿಡ ತೋರಿಸಿದರು. ಹೂ ಬಿಟ್ಟಿದ್ದವು. ಕೀಳಲಿಲ್ಲ. ಕಾಯಿ ಬಲಿತ ಮೇಲೆ ಬಟ್ಟೆ ಕಟ್ಟಿ ಬೀಜ ಹಿಡಿಯುತ್ತೇನೆ. ಪುಟ್ಟಿ ಬಂದರೆ ಅವಳ ಕೈಯಿಂದಲೇ ರೂಮಿನ ಹಿಂದೆ ಚೆಲ್ಲಿಸಬಹುದು.

ಹೂವಿಲ್ಲದಿದ್ದರೂ ಬರುತ್ತೀರಾ? ಬರದಿದ್ದರೂ ಬೇಸರವಿಲ್ಲ ಎಂದು ಬರೆದು ಹೊಡೆದು ಹಾಕಿದ್ದೇನೆ, ನೋಡು. ಬೇಸರವಾಗುತ್ತದೆ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಮುತ್ತು. ನೀವು ಮೂವರೂ ಸದಾ ತಣ್ಣಗಿರಿ.

ನಿನ್ನ ತಂಗಿ

ಇನ್ನೊಂದು ಮಾತು: ಹೋದ ಸಲ ಪುಟ್ಟಿಯ ತಲೆ ಬಾಚುವಾಗ ಅವಳು, "ಚಿಕ್ಕಮ್ಮ, ನಿಂಗೆ ಮಕ್ಕಳಿಲ್ವಾ?" ಎಂದು ಕೇಳಿದಳು. "ಇಲ್ಲ ಕಂದ" ಅಂದೆ. ಹೆತ್ತ ಹತ್ತನೇ ದಿನ ಅವಳನ್ನು ನಿನ್ನ ಮಡಿಲಿಗಿಟ್ಟು ಕೊಟ್ಟ ಮಾತಿಗೆ ತಪ್ಪಿಲ್ಲ ಅಕ್ಕ, ತಪ್ಪುವುದೂ ಇಲ್ಲ. ಹೆದರದೆ ಕರೆದುಕೊಂಡು ಬಾ. ಆ ಬಾಚಣಿಗೆಯನ್ನು ನಾನು ಇನ್ನೂ ತೊಳೆದಿಲ್ಲ.