ಎಡಬಾಗಿಲ ಮೇಲಿನ ಹಿಡಿ

ಚಳ್ಳಕೆರೆ,
ಎರಡನೆಯ ಕಾರ್ತಿಕ, ಮೂವತ್ತೆಂಟನೆಯ ತಾರೀಖು,
ಸದ್ದಡಗಿದ ಎಪ್ಪತ್ತೊಂದನೆಯ ವರ್ಷ

ಪೂಜ್ಯ ಮುತ್ತಾತ ಗಾದಿಲಿಂಗಪ್ಪನವರಿಗೆ,

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದದ್ದೆಂದು ಈ ಕಾಗದದಲ್ಲಿ ಕೈಯ ಗ್ರೀಸು ಒರೆಸಿಕೊಳ್ಳಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ, ಅಷ್ಟೇ. ನಾನು ನಿಮ್ಮ ಮೊಮ್ಮಗನ ಮೊಮ್ಮಗಳು, ಹೆಸರು ಮಾರಕ್ಕ. ಇದನ್ನು ಓದುವ ಹೊತ್ತಿಗೆ ನೀವು ನನಗಿಂತ ಚಿಕ್ಕ ವಯಸ್ಸಿನವರು, ಆದರೂ ಮುತ್ತಾತ ಎನ್ನದೆ ನನಗೆ ಬೇರೆ ದಾರಿಯಿಲ್ಲ. ನನ್ನ ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಿಂಟಪಾಲು ಎಂಬ ಸೌಕರ್ಯ ನಮ್ಮಲ್ಲಿ ಹೊಸದಾಗಿ ಬಂದಿದೆ, ಹಿಂದಿನವರಿಗೆ ಕಾಗದ ಕಳಿಸುವುದಕ್ಕೆ. ಅದು ಹಾಳೆಯನ್ನಷ್ಟೇ ಒಯ್ಯುತ್ತದೆ, ಒಂದು ಬೋಲ್ಟನ್ನೂ ಒಯ್ಯುವುದಿಲ್ಲ, ಉತ್ತರವನ್ನೂ ತರುವುದಿಲ್ಲ. ಹಾಗಾಗಿ ನೀವು ಬೈದರೂ ನನಗೆ ಕೇಳಿಸದು.

ನೀವೀಗ ನಿಮ್ಮ ಕಾಂಟೆಸ್ಸಾ ಕಾರಿನ ನಾಲ್ಕು ಸಿಲಿಂಡರಿನ ಇಂಜಿನ್ ಹೊರತೆಗೆದು, ಗುಜರಿಯಿಂದ ತಂದ ಆರು ಸಿಲಿಂಡರಿನದನ್ನು ಸರಪಳಿಗೆ ನೇತುಹಾಕಿಕೊಂಡಿದ್ದೀರಿ. ಗಾಡಿ ಹಗುರಾಗಲೆಂದು ಹಿಂದಿನ ಸೀಟು, ರೇಡಿಯೋ, ನೆಲದ ಹಾಸು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದೀರಿ. ಸ್ವಲ್ಪ ನಿಲ್ಲಿ. ಕೈಯಲ್ಲಿರುವ ಸ್ಕ್ರೂಡ್ರೈವರ್ ಕೆಳಗಿಟ್ಟು ಇದನ್ನು ಕೊನೆಯವರೆಗೆ ಓದಿ.

ನಮ್ಮ ಕಾಲದಲ್ಲಿ ಸದ್ದು ಮಾಡುವುದು ಅಪರಾಧ. ರಸ್ತೆಯಲ್ಲಿ ಓಡುವುದೆಲ್ಲ ಜಾರುಬಂಡಿ. ನೆಲದಲ್ಲಿ ಹುದುಗಿಸಿದ ಅಯಸ್ಕಾಂತದ ಪಟ್ಟಿಯ ಮೇಲೆ, ಅಂಗೈಯಗಲ ಎತ್ತರದಲ್ಲಿ ತೇಲಿಕೊಂಡು ಹೋಗುತ್ತದೆ. ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲವಾದ್ದರಿಂದ ಒಂದೊಂದಕ್ಕೆ ಒಂದೊಂದು ವಾಸನೆ ಕೊಟ್ಟಿದ್ದಾರೆ. ಮಲ್ಲಿಗೆಯ ಘಮ ಬಂದರೆ ಊರಬಂಡಿ, ಕರ್ಪೂರದ ಘಮ ಬಂದರೆ ಆಸ್ಪತ್ರೆಯ ಬಂಡಿ ಎಂದು ದಾರಿ ಬಿಡುತ್ತೇವೆ. ನೆಗಡಿಯಾದವರಿಗೆ ರಸ್ತೆ ದಾಟುವುದೇ ಕಷ್ಟ. ಸಂತೆಯಲ್ಲಿ ಕೂಗುವಂತಿಲ್ಲ, ಚೌಕಾಸಿಯನ್ನು ಹುಬ್ಬಿನಲ್ಲೇ ಮುಗಿಸಬೇಕು. ನಿಮ್ಮ ಅದೇ ಗಾಡಿ ಈಗ ನಮ್ಮ ಮನೆಯಲ್ಲಿದೆ. ಹಳೆಯ ಇಂಜಿನ್ ಇಟ್ಟುಕೊಂಡ ನಮ್ಮಂಥವರಿಗೆಂದು ವರ್ಷಕ್ಕೊಂದು ಹಗಲು ಬಿಟ್ಟಿದ್ದಾರೆ, ಅದಕ್ಕೆ ಸದ್ದಿನ ಹಬ್ಬವೆಂದು ಹೆಸರು. ಅಂದು ಹಳೆಯ ಬಳ್ಳಾರಿ ರಸ್ತೆಯಲ್ಲಿ ಗಾಡಿ ಓಡಿಸಬಹುದು. ಉಳಿದ ದಿನ ಪರೀಕ್ಷೆಗೆಂದು ಸ್ಟಾರ್ಟ್ ಮಾಡಿದರೂ ಜಪ್ತಿ. ಪೆಟ್ರೋಲನ್ನು ನಾನು ಕಂಡಿಲ್ಲ. ನಮ್ಮದು ಜಾಲಿನೀರು, ಅಂದರೆ ಬಳ್ಳಾರಿ ಜಾಲಿಯ ಕಾಯಿ ಕೊಳೆಸಿ ಭಟ್ಟಿ ಇಳಿಸಿದ ಸಾರ. ಅದು ಸಿಕ್ಕಾಪಟ್ಟೆ ಬೇಕಾಗುತ್ತದೆ, ಹಾಗಾಗಿ ನೀವು ಖಾಲಿ ಮಾಡಿದ ಹಿಂದಿನ ಸೀಟಿನ ಜಾಗದ ತುಂಬ ಈಗ ಪೀಪಾಯಿ ಕೂತಿದೆ. ನಾಳೆ ಸದ್ದಿನ ಹಬ್ಬ. ಬರುವ ವರ್ಷದಿಂದ ಅದೂ ಇಲ್ಲವೆಂದು ಮೊನ್ನೆ ಆಜ್ಞೆ ಹೊರಟಿದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಅಪ್ಪ ಪಾಲಯ್ಯ, ನಿಮ್ಮ ಮೊಮ್ಮಗನ ಮಗ, ಜೋಗಿಮಟ್ಟಿಯ ಕಡೆ ಕರೆಂಟು ತೆಗೆಯುವ ಗಾಳಿಕಂಬಗಳ ಹೊಟ್ಟೆಯೊಳಗೆ ಹತ್ತಿ ಇಳಿದು ದುಡಿದವರು. ಆ ಮೊರೆತದಲ್ಲಿ ಕಿವಿ ಮೆಲ್ಲಮೆಲ್ಲನೆ ಹೋಯಿತು. ಕಿವಿಗುಂಡಿ ಎಂಬ ಸಾಧನ ಸಿಕ್ಕಿಸಿಕೊಂಡರೆ ಮಾತು ಕೇಳಿಸುತ್ತದೆ, ಆದರೆ ಆ ದರಿದ್ರದ್ದು ಮಾತನ್ನಷ್ಟೇ ಒಳಗೆ ಬಿಟ್ಟು ಮಿಕ್ಕದ್ದನ್ನೆಲ್ಲ ಗಲಾಟೆಯೆಂದು ಸೋಸಿ ಹಾಕುತ್ತದೆ. ಅಪ್ಪನಿಗೆ ಮಾತಿನ ಮೇಲೆ ಅಂಥ ಆಸೆಯೇನಿಲ್ಲ. ಅವರಿಗೆ ಬೇಕಾದದ್ದು ಈ ಗಾಡಿಯ ಸದ್ದು. ಮೀಸೆ ಮೂಡಿದಾಗಿನಿಂದ ಪ್ರತಿ ಸದ್ದಿನ ಹಬ್ಬಕ್ಕೂ ಅವರೇ ಇದನ್ನು ಓಡಿಸಿದವರು. ಹೋದ ವರ್ಷ ಕೈ ನಡುಗುತ್ತದೆಂದು ಸ್ಟೀರಿಂಗ್ ನನಗೆ ಕೊಟ್ಟು ಎಡಗಡೆ ಕೂತರು. ನಾನು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲೆಂದು ಬಿಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು ಕಾದರು, ಕಾದರು, ಆಮೇಲೆ ನನ್ನ ಕಡೆ ತಿರುಗಿ, “ಯಾಕಮ್ಮಿ, ಇನ್ನೂ ಸ್ಟಾರ್ಟ್ ಮಾಡ್ಲಿಲ್ವಾ?” ಅಂದರು. ಇಂಜಿನ್ ಆಗಲೇ ಓಡುತ್ತಿತ್ತು. ನೀವು ಅದನ್ನು ದಪ್ಪ ರಬ್ಬರಿನ ಮೇಲೆ ಎಷ್ಟು ನಾಜೂಕಾಗಿ ಕೂರಿಸಿದ್ದೀರೆಂದರೆ ಸೀಟಿಗೆ ಅದುರು ಕೂಡ ಬರುವುದಿಲ್ಲ. ನಾನು “ಈಗ ಮಾಡ್ತೀನಪ್ಪ” ಅಂದು ಸುಮ್ಮನೆ ಕೀಲಿ ತಿರುಗಿಸಿದಂತೆ ನಟಿಸಿದೆ. ಅವತ್ತಿನಷ್ಟು ಸಂಕಟ ನನಗೆ ಯಾವತ್ತೂ ಆಗಿರಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ, ದೊಡ್ಡ ಇಂಜಿನ್ ಹಾಕಬೇಕು. ಕಿವಿಗಲ್ಲದಿದ್ದರೆ ಮೂಳೆಗಾದರೂ ಕೇಳಿಸುವಂಥದ್ದು. ವರ್ಷವಿಡೀ ಅಲೆದು, ಹಳೆಯ ಬೆಂಕಿ ಆರಿಸುವ ಪಂಪಿನಿಂದ ಬಿಚ್ಚಿಟ್ಟಿದ್ದ ಎಂಟು ಸಿಲಿಂಡರಿನ ಇಂಜಿನ್ ತಂದೆ. ತಡೆಯಿರಿ, ಹೋಗಿ ರೇಡಿಯೇಟರಿನ ಪೈಪು ಬಿಗಿಯಾಗಿದೆಯೇ ಇನ್ನೊಮ್ಮೆ ನೋಡಿ ಬಂದೆ. ಬಿಗಿಯಾಗೇ ಇದೆ. ಅಂದಹಾಗೆ ಒಂದು ವಿಚಾರದಲ್ಲಿ ನಿಮ್ಮ ಮೇಲೆ ನನಗೆ ಸಿಟ್ಟಿದೆ: ಓಡುವುದಕ್ಕೆ ಇಷ್ಟೆಲ್ಲ ಹಾರಾಡಿದವರು ನಿಲ್ಲುವುದರ ಬಗ್ಗೆ ಯೋಚಿಸಲೇ ಇಲ್ಲವಲ್ಲ? ಆರು ಸಿಲಿಂಡರಿಗೂ ಅದೇ ಹಳೇ ಬ್ರೇಕ್! ನಾನು ಮೊದಲು ಬ್ರೇಕ್ ಬದಲಿಸಿ, ಆಮೇಲೆ ಇಂಜಿನ್ನಿಗೆ ಕೈ ಹಾಕಿದೆ.

ಹೊಸ ಇಂಜಿನ್ನನ್ನು ಗಾಡಿಯೊಳಕ್ಕೆ ಇಳಿಸಿ ನೋಡಿದರೆ ಬಲಗಡೆ ಸ್ಟೀರಿಂಗಿನ ಕಂಬ ಅಡ್ಡ. ಅದನ್ನು ತಪ್ಪಿಸಬೇಕಾದರೆ ಇಂಜಿನ್ನನ್ನು ಎಡಕ್ಕೂ ಹಿಂದಕ್ಕೂ ಸರಿಸಬೇಕು. ಸರಿಸಿದರೆ ಅದು ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ದಾಟಿ ಒಳಗೆ ಬರುತ್ತದೆ, ಸರಿಯಾಗಿ ಅಪ್ಪನ ಸೀಟಿನ ಜಾಗಕ್ಕೇ. ಚಿಕ್ಕ ಇಂಜಿನ್ ಇದ್ದರೆ ಅಪ್ಪನಿಗೆ ಕೇಳಿಸದು, ದೊಡ್ಡದು ಹಾಕಿದರೆ ಅಪ್ಪನಿಗೆ ಜಾಗವಿಲ್ಲ. ತಲೆ ಕೆಟ್ಟು, ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿ, ಬೇಡವೇ ಬೇಡ, ಹಳೆಯದನ್ನೇ ಹಾಕುತ್ತೇನೆ ಎಂದೆ. ಅಪ್ಪ ನಕ್ಕರು. “ಸೀಟು ಇಟ್ಕಂಡು ಏನ್ ಮಾಡ್ಲಿ? ಹೋದ್ ವರ್ಷದಂಗೆ ಕೋಲೆಬಸವನ ತರ ತಲೆ ಆಡಿಸ್ಕಂಡು ಕೂತಿರ್ಲಾ? ದೊಡ್ಡದೇ ಹಾಕಮ್ಮಿ. ನಾನು ರಸ್ತೆ ಪಕ್ಕ ನಿಂತ್ಕಂಡು ನೋಡ್ತೀನಿ.” ಹೋದ ವರ್ಷ ನಾನು ಆಡಿದ ನಾಟಕ ಅವರಿಗೆ ಗೊತ್ತಾಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ರಸ್ತೆ ಪಕ್ಕ ನಿಲ್ಲಿಸುವುದಕ್ಕೆ ನಾನು ಇಷ್ಟು ಒದ್ದಾಡಬೇಕಿತ್ತೇ ಎಂದು ರೇಗಾಡಿ ಹೊರಗೆ ಹೋಗಿಬಿಟ್ಟೆ. ವಾಪಸ್ ಬರುವಷ್ಟರಲ್ಲಿ ಆ ನಡುಗುವ ಕೈಯಲ್ಲೇ ತಮ್ಮ ಸೀಟಿನ ಬೋಲ್ಟುಗಳನ್ನೆಲ್ಲ ಬಿಚ್ಚಿ ಹಾಕಿದ್ದರು.

ಆಮೇಲೆ ನಾನೇನು ಹೇಳಲಿ? ಗೋಡೆ ಕತ್ತರಿಸಿ ಇಂಜಿನ್ ಕೂರಿಸಿದೆ, ರಬ್ಬರ್ ಇಲ್ಲದೆ, ಕಬ್ಬಿಣಕ್ಕೆ ಕಬ್ಬಿಣ. ಒಳಗೆ ಬಂದ ಭಾಗಕ್ಕೆ ದಪ್ಪ ತಗಡಿನ ಪೆಟ್ಟಿಗೆ ಮುಚ್ಚಿದೆ. ಇವತ್ತು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಅಪ್ಪ ಗಾಡಿಯೊಳಗಿದ್ದಾರೆ! ಆ ಪೆಟ್ಟಿಗೆಯ ಮೇಲೆ ನಮ್ಮ ಕರಿಕಂಬಳಿ ಮಡಚಿ ಹಾಸಿಕೊಂಡು, ತಲೆ ಚಾವಣಿಗೆ ತಾಗದಂತೆ ಕತ್ತು ಬಗ್ಗಿಸಿ, ರಾಜನ ಹಾಗೆ ಕೂತಿದ್ದಾರೆ. “ನಮ್ಮಜ್ಜ ಹೇಳ್ತಿದ್ದ. ಆಗಿನ್ ಕಾಲ್ದಾಗೆ ಲಾರೀಲಿ ಜಾಗ ಇಲ್ದೇ ಇದ್ರೆ ಇಂಜಿನ್ ಮ್ಯಾಲೇ ಕಂಬ್ಳಿ ಹಾಕ್ಕಂಡು ಕುಂತು ಬಳ್ಳಾರಿ ತಂಕ ಹೋಗೋರಂತೆ. ಕುಂಡಿ ಬೆಚ್ಚಗಾಗ್ತದೆ ಅಷ್ಟೇ ಕಣಮ್ಮಿ!” ಎಂದರು. ಮುತ್ತಾತ, ನಾನು ಬಾಗಿಲು ಹಿಡಿದುಕೊಂಡು ನಕ್ಕು ನಕ್ಕು ಸುಸ್ತಾದೆ.

ನಗು ನಿಂತ ಮೇಲೆ ಭಯ ಹತ್ತಿತು. ಬೆನ್ನಿಗೆ ಆಸರೆಯಿಲ್ಲದ ಮುದುಕರು ತಿರುವಿನಲ್ಲಿ ಏನನ್ನು ಹಿಡಿದುಕೊಳ್ಳಬೇಕು? ಬಲಬಾಗಿಲ ಮೇಲಾಗಲಿ ಹಿಂದಿನ ಬಾಗಿಲುಗಳ ಮೇಲಾಗಲಿ ಕೈಹಿಡಿಯಿಲ್ಲ, ಸ್ಕ್ರೂ ತೂತುಗಳು ಮಾತ್ರ ಇವೆ. ಕಿತ್ತವರು ನೀವೇ. ಎಡಬಾಗಿಲ ಮೇಲೆ ಮಾತ್ರ ಒಂದು ಹಿಡಿ ಉಳಿದಿದೆ. ಅದರ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿದೆ, ಯಾರೋ ತಿರುಗಿಸಲು ಶುರುಮಾಡಿ ನಡುವೆ ಕೈಬಿಟ್ಟ ಹಾಗೆ. ಯಾಕೆ ಬಿಟ್ಟಿರೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕೈ ತಡೆದದ್ದು ನನ್ನ ಕಾಗದವೇ ಇರಬೇಕೆನಿಸಿ, ಅದನ್ನು ಕಂಡವಳೇ ಬರೆಯಲು ಓಡಿಬಂದೆ.

ಗೋಡೆ ಕತ್ತರಿಸಿ, ದೊಡ್ಡ ಇಂಜಿನ್ ಹಾಕಿ, ನಾನು ಬೇಡವೆನ್ನುವುದಿಲ್ಲ. ನಾನೂ ನಿಮ್ಮದೇ ರಕ್ತ. ಆದರೆ ಆ ಹಿಡಿ ಒಂದು ಈರುಳ್ಳಿಯಷ್ಟೂ ಭಾರವಿಲ್ಲ, ಅದನ್ನು ಕಿತ್ತರೆ ಗಾಡಿಯ ವೇಗವೇನೂ ಹೆಚ್ಚುವುದಿಲ್ಲ. ನಾಳೆ ಅಪ್ಪನಿಗೆ ಇಂಜಿನ್ ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲ, ಬೆಳಗಾಗುವ ತನಕ ಸ್ಟಾರ್ಟ್ ಮಾಡಿ ನೋಡುವಂತೆಯೂ ಇಲ್ಲ. ನೀವು ಸಡಿಲಿಸಿದ ಆ ಸ್ಕ್ರೂ ಹಾಗೇ ಇರಲಿ, ಬಿಗಿಯುವ ಕೆಲಸ ನನಗಿರಲಿ. ಹಿಡಿಯನ್ನು ಮಾತ್ರ ಬಿಡಿ, ಮುತ್ತಾತ. ನಾಳೆ ನಮ್ಮಪ್ಪ ಅದನ್ನು ಹಿಡಿದುಕೊಳ್ಳಬೇಕು.

ನಿಮ್ಮ,
ಮಾರಕ್ಕ